ಮೂಡಣದ ಮಲಗುವ ಊರುಗಳು

ಬೆಳಗಿನ ಹೊತ್ತು ಬೆಂಗಳೂರು ದಂಡು ರೈಲು ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿದವರಿಗೆ ಒಂದು ಸಂಗತಿ ಬೇಗ ಹೊಳೆಯುತ್ತದೆ. ಮಾರಿಕುಪ್ಪಂ, ಬಂಗಾರಪೇಟೆಗಳ ಕಡೆಯಿಂದ ಬರುವ ಗಾಡಿಗಳಿಂದ ಇಳಿಯುವವರ ಕೈಯಲ್ಲಿ ಟ್ರಂಕು, ಹಾಸಿಗೆಸುರುಳಿಗಳಿರುವುದಿಲ್ಲ. ಒಂದು ಊಟದ ಡಬ್ಬಿ, ಒಂದು ನೀರಿನ ಬಾಟಲಿ, ಮಳೆಗಾಲವಾದರೆ ಒಂದು ಕೊಡೆ. ಅವರು ಯಾರನ್ನೂ ದಾರಿ ಕೇಳುವುದಿಲ್ಲ. ಯಾವ ಡಬ್ಬಿಯಲ್ಲಿ ಕುಳಿತರೆ ಮೆಟ್ಟಿಲಿನ ಎದುರಿಗೇ ಇಳಿಯಬಹುದು ಎಂಬುದು ಅವರಿಗೆ ಕಂಠಪಾಠ. ಸಂಜೆ ಅದೇ ಡಬ್ಬಿ ಹೊತ್ತು ಅದೇ ದಾರಿಯಲ್ಲಿ ಮೂಡಣಕ್ಕೆ ಮರಳುತ್ತಾರೆ.

ಇಂಥವರಿಗೆ ಕನ್ನಡದಲ್ಲಿ ನೆಲೆಯಾದ ಹೆಸರೊಂದು ಇನ್ನೂ ಹುಟ್ಟಿಲ್ಲ. ‘ನಿತ್ಯ ಪ್ರಯಾಣಿಕರು’ ಎಂದು ಪತ್ರಿಕೆಗಳು ಬರೆಯುತ್ತವೆ. ಜನರ ಬಾಯಲ್ಲಿ ಅವರು ‘ಪಾಸಿನವರು’. ಇಂಗ್ಲಿಷಿನ ‘ಕಮ್ಯೂಟರ್’ ಎಂಬ ಮಾತು ಕೂಡ ಪಾಸಿನಿಂದಲೇ ಹುಟ್ಟಿದ್ದು. 1840ರ ದಶಕದಲ್ಲಿ ಅಮೆರಿಕದ ರೈಲು ಕಂಪನಿಗಳು ದಿನವೂ ಓಡಾಡುವವರಿಗೆ ದರ ಇಳಿಸಿ ಕೊಡುತ್ತಿದ್ದ ‘ಕಮ್ಯುಟೇಷನ್ ಟಿಕೆಟ್’ ಅದರ ಮೂಲ. ದೂರದ ಬ್ರೆಜಿಲಿನಲ್ಲಿ ಸಾವೊ ಪಾಲೊ ಮಹಾನಗರದ ಸುತ್ತ ಇರುವ ಇಂಥ ಊರುಗಳನ್ನು ‘ಮಲಗುವ ಕೋಣೆಯ ನಗರಗಳು’ ಎಂಬ ಅರ್ಥ ಬರುವ ಹೆಸರಿನಿಂದ ಕರೆಯುತ್ತಾರೆ. ದುಡಿಮೆ ಒಂದು ಕಡೆ, ನಿದ್ದೆ ಇನ್ನೊಂದು ಕಡೆ. ಹೆಸರಿನಲ್ಲಿ ಕೊಂಚ ತಾತ್ಸಾರವಿದ್ದರೂ ಸುಳ್ಳಿಲ್ಲ.

ಬೆಂಗಳೂರಿನ ಪೂರ್ವ ಭಾಗದ ಕಥೆಯನ್ನು ಈ ಕಣ್ಣಿನಿಂದ ನೋಡಿದವರು ಕಡಿಮೆ. ಕೆಂಪೇಗೌಡನ ಪೇಟೆಯ ಇತಿಹಾಸ ಶಾಲೆಯ ಪಠ್ಯದಲ್ಲಿದೆ. ದಂಡಿನ ಇತಿಹಾಸವೆಂದರೆ ಸಾಮಾನ್ಯವಾಗಿ ದೊರೆಗಳು, ಚರ್ಚುಗಳು, ಪರೇಡು ಮೈದಾನಗಳು. ಆದರೆ ಹಲಸೂರಿನಿಂದ ಕೃಷ್ಣರಾಜಪುರದವರೆಗೆ, ಅಲ್ಲಿಂದ ವೈಟ್‌ಫೀಲ್ಡ್ ದಾಟಿ ಕೋಲಾರದ ಚಿನ್ನದ ಗಣಿಯವರೆಗೆ ಹಬ್ಬಿರುವ ಈ ಪಟ್ಟಿಯಲ್ಲಿ ಇನ್ನೂರು ವರ್ಷಗಳಿಂದ ನಡೆದಿರುವುದು ಮುಖ್ಯವಾಗಿ ಒಂದೇ ಕೆಲಸ: ಹೊರಗಿನಿಂದ ಬಂದವರಿಗೆ ನೆಮ್ಮದಿಯ ಊರು ಕಟ್ಟಿಕೊಡುವುದು. ಕಟ್ಟಿದ ನೆಮ್ಮದಿ ಎಷ್ಟು ಕಾಲ ಉಳಿಯಿತು ಎಂಬುದು ಬೇರೆ ಮಾತು.

ದಂಡು ಬಂದ ಬಗೆ

ಶ್ರೀರಂಗಪಟ್ಟಣದ ಮಲೇರಿಯಾ ತಾಳಲಾರದೆ ಬ್ರಿಟಿಷರು ತಮ್ಮ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿ, 1809ರ ಹೊತ್ತಿಗೆ ಹಲಸೂರಿನ ಬಯಲಿನಲ್ಲಿ ನೆಲೆಯೂರಿಸಿದರು. ನಕ್ಷೆ ಹಾಕಿದವನು ಜಾನ್ ಬ್ಲಾಕಿಸ್ಟನ್ ಎಂಬ ಎಂಜಿನಿಯರ್ ಅಧಿಕಾರಿ. ಸೈನ್ಯದ ಹಿಂದೆ ಸೈನ್ಯಕ್ಕೆ ಬೇಕಾದವರೆಲ್ಲ ಬಂದರು. ದಿನಸಿ ಒದಗಿಸುವ ವ್ಯಾಪಾರಿಗಳು, ಗುತ್ತಿಗೆದಾರರು, ಅಡುಗೆಯವರು, ಅಗಸರು, ದರ್ಜಿಗಳು, ಕುದುರೆ ನೋಡಿಕೊಳ್ಳುವವರು. ಹೆಚ್ಚಿನವರು ತಮಿಳು ಸೀಮೆಯವರು. ದಖನಿ ಉರ್ದು ಆಡುವವರೂ ಬಹಳ ಮಂದಿ. ಹಲಸೂರಿನ ಬಜಾರು, ಈಗ ಶಿವಾಜಿನಗರವೆನಿಸಿಕೊಂಡಿರುವ ಅಂದಿನ ಬ್ಲಾಕ್‌ಪಳ್ಳಿ, ಇವೆಲ್ಲ ಹೀಗೆ ಬೆಳೆದ ಕೇರಿಗಳು. ಹಲಸೂರು ಮಾತ್ರ ದಂಡಿಗಿಂತ ಬಹಳ ಹಳೆಯದು. ಅಲ್ಲಿನ ಸೋಮೇಶ್ವರ ದೇವಾಲಯ, ಕೆರೆ, ಹಲಸಿನ ತೋಪಿನ ನೆನಪು ಹೊತ್ತ ಹೆಸರು ಮೊದಲಿನಿಂದಲೂ ಇದ್ದವು. ಹೊಸ ಊರು ಅದರ ಸುತ್ತ ಸುತ್ತಿಕೊಂಡಿತು.

ಪೇಟೆ ಮತ್ತು ದಂಡು ಎರಡು ಬೇರೆ ಊರುಗಳಾಗಿಯೇ ಬಾಳಿದವು. 1862ರಲ್ಲಿ ಎರಡಕ್ಕೂ ಪ್ರತ್ಯೇಕ ಪುರಸಭೆಗಳಾದವು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗ ದಂಡು ಮರಳಲಿಲ್ಲ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು. ಎರಡು ಪುರಸಭೆಗಳು ಒಂದಾಗಿ ನಗರಪಾಲಿಕೆಯಾದದ್ದು 1949ರಲ್ಲಿ. ಚಾಮರಾಜಪೇಟೆಯ ಹಿರಿಯರು ಕಮರ್ಷಿಯಲ್ ರಸ್ತೆಗೆ ಹೋಗುವುದನ್ನು ಇಂದಿಗೂ ‘ದಂಡಿಗೆ ಹೋಗಿ ಬರುವುದು’ ಎನ್ನುವುದುಂಟು. ಬೇರೆ ಊರಿಗೆ ಹೋಗಿ ಬಂದ ದನಿ ಆ ಮಾತಿನಲ್ಲಿದೆ.

ರೈಲು ಮೊದಲು ತಲುಪಿದ್ದೂ ದಂಡಿಗೇ. ಮದರಾಸು ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಹಾಕಿದ ಹಳಿ 1864ರಲ್ಲಿ ಬೆಂಗಳೂರು ದಂಡಿನಲ್ಲಿ ಬಂದು ನಿಂತಿತು. ಪೇಟೆಯ ಕಡೆಗೆ ಹಳಿ ಮುಂದುವರಿದದ್ದು ನಂತರದ ವರ್ಷಗಳಲ್ಲಿ. ಸೈನಿಕರನ್ನೂ ಸರಕನ್ನೂ ಹೊರಲೆಂದು ಹಾಕಿದ ಹಳಿ ಇದು. ಮಾಲೂರಿನ ರೈತನೋ ಕಾಡುಗೋಡಿಯ ಗುಮಾಸ್ತನೋ ಬೆಳಿಗ್ಗೆ ಹತ್ತಿ ಸಂಜೆ ಇಳಿಯಲಿ ಎಂಬ ಆಲೋಚನೆ ಆಗ ಯಾರ ತಲೆಯಲ್ಲೂ ಇದ್ದಿರಲಾರದು. ಆದರೆ ಪೂರ್ವ ಬೆಂಗಳೂರು ಮುಂದೆ ಬೆಳೆದದ್ದು ಈ ಹಳಿಯ ಎರಡು ಬದಿಗೇ.

ರೈಲು ತಂದದ್ದರಲ್ಲಿ ಪ್ಲೇಗೂ ಒಂದು. 1898ರ ಆಗಸ್ಟಿನಲ್ಲಿ ಕಾಣಿಸಿಕೊಂಡ ಆ ಪಿಡುಗು ಪೇಟೆಯ ಇಕ್ಕಟ್ಟಿನ ಕೇರಿಗಳನ್ನೂ ದಂಡಿನ ಬಜಾರುಗಳನ್ನೂ ಒಂದೇ ಸಮನೆ ತಿಂದಿತು. ಪೇಟೆಯ ಜನಕ್ಕೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಂತೆ ದಂಡಿನ ಜನಕ್ಕಾಗಿ 1906ರಲ್ಲಿ ಫ್ರೇಜರ್ ಟೌನ್ ಆರಂಭವಾಯಿತು. ರೆಸಿಡೆಂಟನಾಗಿದ್ದ ಸ್ಟುವರ್ಟ್ ಫ್ರೇಜರನ ಹೆಸರನ್ನು ಅದಕ್ಕೆ ಇಡಲಾಯಿತು. ಇಂದು ಅದು ಪುಲಕೇಶಿನಗರ. ಪುರಸಭೆಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಇಲಿಗೆ ಎಡೆ ಕೊಡದಂಥ ಮನೆ ಹೇಗಿರಬೇಕೆಂದು ತಲೆ ಕೆಡಿಸಿಕೊಂಡು ಯೋಜನೆ ಮಾಡಿದ. ಗಾಳಿ, ಬೆಳಕು, ಮನೆಯ ಸುತ್ತ ಬಯಲು, ಅಗಲವಾದ ಬೀದಿ. ಇಂದು ಮನೆ ಮಾರುವವರು ಜಾಹೀರಾತಿನಲ್ಲಿ ಹೇಳುವ ಸುಖಗಳೆಲ್ಲ ಆಗ ಸಾವಿನ ಭಯದಿಂದ ಹುಟ್ಟಿದ ನಿಯಮಗಳಾಗಿದ್ದವು. ಕಾಕ್ಸ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್‌ಗಳೂ ಇದೇ ಸಾಲಿನಲ್ಲಿ ಬಂದವು. ಇವುಗಳ ಮಗ್ಗುಲಿಗೇ ಬೆಂಗಳೂರು ಪೂರ್ವ ಎಂಬ ಪುಟ್ಟ ನಿಲ್ದಾಣವಿದೆ. ದೊಡ್ಡ ಗಾಡಿಗಳು ಅದನ್ನು ಕಡೆಗಣಿಸಿ ಸಾಗುತ್ತವೆ.

ವೈಟ್ ಕಂಡ ಕನಸು

ಇವೆಲ್ಲಕ್ಕಿಂತ ಮೊದಲೇ, ಪ್ಲೇಗಿನ ಸುಳಿವಿಲ್ಲದ ಕಾಲದಲ್ಲಿ, ದಂಡಿನಿಂದ ಇನ್ನೂ ಮೂಡಣಕ್ಕೆ ಒಂದು ವಿಚಿತ್ರ ಪ್ರಯೋಗ ನಡೆದಿತ್ತು. ಬೆಂಗಳೂರಿನ ಇತಿಹಾಸದಲ್ಲಿ ಅದಕ್ಕೆ ಸಿಕ್ಕಬೇಕಾದಷ್ಟು ಜಾಗ ಸಿಕ್ಕಿಲ್ಲ.

ಆಂಗ್ಲೋ ಇಂಡಿಯನ್ನರೆಂದು ಈಗ ಕರೆಯಲಾಗುವ, ಆಗ ‘ಯುರೇಷಿಯನ್’ ಎನಿಸಿಕೊಂಡಿದ್ದ ಸಮುದಾಯದ ಬದುಕು ನಿಂತಿದ್ದದ್ದು ಸರ್ಕಾರಿ ನೌಕರಿಯ ಮೇಲೆ. ರೈಲ್ವೆ, ತಂತಿ, ಅಂಚೆ, ಕಚೇರಿ. ಆಂಗ್ಲರಿಗೆ ಅವರು ಸಮಾನರಲ್ಲ. ಇಂಗ್ಲಿಷ್ ಕಲಿತ ಭಾರತೀಯರು ಹೆಚ್ಚಾದಂತೆ ಕೆಳಗಿನ ನೌಕರಿಗಳಿಗೂ ಪೈಪೋಟಿ. ಈ ಸಮುದಾಯದ ಮುಂದಾಳು ಡಿ.ಎಸ್. ವೈಟ್ ಕಂಡುಕೊಂಡ ಪರಿಹಾರ ನೇರವಾದದ್ದು. ನೌಕರಿಯ ಮೇಲೆ ನಿಂತವರು ನೆಲದ ಮೇಲೆ ನಿಲ್ಲಬೇಕು, ಬೇಸಾಯ ಮಾಡಬೇಕು. ಅವರ ಸಂಘದ ಬೇಡಿಕೆಗೆ ಒಪ್ಪಿ ಚಾಮರಾಜೇಂದ್ರ ಒಡೆಯರು 1882ರಲ್ಲಿ ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಅಲ್ಲಿ ಎದ್ದ ವಸತಿಗೆ ಮುಂದಾಳುವಿನ ಹೆಸರೇ ನಿಂತಿತು: ವೈಟ್‌ಫೀಲ್ಡ್. ಸಾಸ್‌ಮಂಡ್, ಗ್ಲೆನ್ ಗಾರ್ಡನ್ ಎಂಬ ಇನ್ನೆರಡು ವಸತಿಗಳೂ ಯೋಜನೆಯಲ್ಲಿದ್ದವು. ಅವುಗಳ ಹೆಸರು ಇಂದು ಬಹುಮಂದಿಗೆ ತಿಳಿಯದು.

ಊರಿನ ನಕ್ಷೆ ವರ್ತುಲಾಕಾರದ್ದು. ನಡುವೆ ಬಯಲು, ಅದರ ಸುತ್ತ ಮನೆಗಳು, ಮನೆಗಳ ಹಿಂದೆ ತೋಟ, ಅದರಾಚೆ ಹೊಲ. ಒಳವರ್ತುಲ, ಹೊರವರ್ತುಲ ಎಂಬ ಅರ್ಥದ ಆ ರಸ್ತೆಗಳ ಇಂಗ್ಲಿಷ್ ಹೆಸರುಗಳು ಈಗಲೂ ಬಳಕೆಯಲ್ಲಿವೆ. ನಗರ ಯೋಜನೆಯ ಪಾಠಗಳಲ್ಲಿ ಎಬೆನೇಜರ್ ಹೋವರ್ಡನ ‘ಉದ್ಯಾನ ನಗರ’ದ ಕಲ್ಪನೆ ತಪ್ಪದೆ ಬರುತ್ತದೆ. ಲಂಡನ್ನಿನ ಗದ್ದಲದಿಂದ ದೂರ ವರ್ತುಲಗಳಲ್ಲಿ ಊರು ಕಟ್ಟುವ ಚಿತ್ರವನ್ನು ಅವನು ಪ್ರಕಟಿಸಿದ್ದು 1898ರಲ್ಲಿ, ಇಂಗ್ಲೆಂಡಿನಲ್ಲಿ ಲೆಚ್‌ವರ್ತ್ ಎಂಬ ಅಂಥ ಮೊದಲ ಊರು ಮೈದಾಳಿದ್ದು 1903ರಲ್ಲಿ. ವೈಟ್‌ಫೀಲ್ಡಿನ ವರ್ತುಲಗಳು ಅದಕ್ಕೂ ಮೊದಲಿನವು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲಾಗದು, ಹೇಳಬೇಕಾದ ಅಗತ್ಯವೂ ಇಲ್ಲ. ಕಾಡುಗೋಡಿಯ ಪಕ್ಕದ ಕೆಂಪು ನೆಲದಲ್ಲಿ ಇಂಥದೊಂದು ಗೀಟು ಎಳೆಯಲಾಗಿತ್ತು ಎಂಬುದೇ ಸಾಕಷ್ಟು ಸೋಜಿಗ.

ಆದರೆ ಅದು ರಾಗಿ, ಹುರುಳಿ ಬೆಳೆಯುವ ಖುಷ್ಕಿ ನೆಲ. ಮಳೆ ನಂಬಿ ಬದುಕಬೇಕು. ಸುತ್ತಲಿನ ಹಳ್ಳಿಗಳ ರೈತರು ತಲೆಮಾರುಗಳಿಂದ ಆ ಮಣ್ಣಿನ ಜತೆ ಜಗಳವಾಡಿ ರಾಜಿಯಾಗಿದ್ದವರು. ತಂತಿ ಕಚೇರಿಯಲ್ಲಿ ಕೂತು ಬೆಳೆದವರಿಗೆ ಆ ರಾಜಿ ಒಂದು ತಲೆಮಾರಿನಲ್ಲಿ ಸಿಕ್ಕುವಂಥದ್ದಲ್ಲ. ವೈಟ್ 1889ರಲ್ಲಿ ತೀರಿಕೊಂಡರು. ಹುಡುಗರು ಮತ್ತೆ ರೈಲ್ವೆಗೆ, ತಂತಿಗೆ, ಚಿನ್ನದ ಗಣಿಗೆ ಕೆಲಸ ಹುಡುಕಿ ಹೊರಟರು. ಉಳಿದವರು ಹಿರಿಯರು. ಹೀಗೆ ಬೇಸಾಯಗಾರರ ಊರಾಗಬೇಕಿದ್ದದ್ದು ಪಿಂಚಣಿದಾರರ ಊರಾಯಿತು. ಹೆಂಚಿನ ಮನೆ, ಮುಂದೆ ಜಗಲಿ, ಹಿಂದೆ ಮಾವು, ಭಾನುವಾರ ಚರ್ಚಿನ ಗಂಟೆ. ಅಲ್ಲಿನ ಹೋಟೆಲೊಂದಕ್ಕೆ ತರುಣ ವಿನ್‌ಸ್ಟನ್ ಚರ್ಚಿಲ್ ಒಬ್ಬ ಹುಡುಗಿಯನ್ನು ನೋಡಲು ಬರುತ್ತಿದ್ದನೆಂಬ ಕಥೆಯನ್ನು ಊರಿನವರು ಹೇಳುತ್ತ ಬಂದಿದ್ದಾರೆ. ಚರ್ಚಿಲ್ 1890ರ ದಶಕದ ಕೊನೆಯಲ್ಲಿ ಬೆಂಗಳೂರು ದಂಡಿನಲ್ಲಿದ್ದದ್ದು ನಿಜ. ಉಳಿದದ್ದು ಕಥೆಯಾಗಿಯೇ ಚೆಂದ.

ನಿತ್ಯದ ಬದುಕಿನ ಮಟ್ಟಿಗೆ ಹೇಳುವುದಾದರೆ ವೈಟ್‌ಫೀಲ್ಡಿನ ದೊಡ್ಡ ತೊಡಕು ದೂರ. ವೈಟ್‌ಫೀಲ್ಡ್ ಎಂಬ ರೈಲು ನಿಲ್ದಾಣ ನಿಜವಾಗಿ ಇರುವುದು ಕಾಡುಗೋಡಿಯಲ್ಲಿ. ಹಳೆಯ ವಸತಿ ಅಲ್ಲಿಂದ ಸುಮಾರು ಮೂರು ಕಿಲೋಮೀಟರ್. ಗಾಡಿ ಹಿಡಿಯಬೇಕೆಂದರೆ ಮೊದಲು ಜಟಕಾ, ಎತ್ತಿನ ಗಾಡಿ ಹಿಡಿಯಬೇಕು, ಇಲ್ಲವೇ ನಡೆಯಬೇಕು. ಔಷಧಿಗೆ, ಬಟ್ಟೆಗೆ, ಒಳ್ಳೆಯ ಬ್ರೆಡ್ಡಿಗೆ ದಂಡೇ ಗತಿ. ನೆಮ್ಮದಿಯ ಬೆಲೆಯನ್ನು ಅವರು ಹೀಗೆ ತೆತ್ತರು. ಇದೇ ಸಮುದಾಯ 1933ರಲ್ಲಿ ಇಂದಿನ ಝಾರ್ಖಂಡ್‌ನ ಮೆಕ್‌ಕ್ಲಸ್ಕಿಗಂಜ್‌ನಲ್ಲಿ ಇಂಥದೇ ಕನಸನ್ನು ಮತ್ತೊಮ್ಮೆ ಕಂಡಿತು. ಅಲ್ಲಿಯೂ ಮಕ್ಕಳು ಊರು ಬಿಟ್ಟರು, ಮುದುಕರು ಉಳಿದರು. ವ್ಯತ್ಯಾಸವಿಷ್ಟೇ: ಮೆಕ್‌ಕ್ಲಸ್ಕಿಗಂಜ್‌ನ ಪಕ್ಕಕ್ಕೆ ಬೆಂಗಳೂರು ಬರಲಿಲ್ಲ.

ಸೈರನ್ನಿನ ಗಡಿಯಾರ

ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಪೂರ್ವ ಬೆಂಗಳೂರಿಗೆ ಬೇರೆಯೇ ಬಗೆಯ ಹೊಸಬರು ಬಂದರು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಬೆಂಬಲದೊಂದಿಗೆ ಆರಂಭಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ಭಾರತೀಯ ದೂರವಾಣಿ ಕಾರ್ಖಾನೆ ಐಟಿಐ, 1956ರಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಹಳ್ಳಿಗಳಿಂದ, ಸಣ್ಣ ಪಟ್ಟಣಗಳಿಂದ ಮೆಟ್ರಿಕ್ ಓದಿಯೋ ಐಟಿಐ ತರಬೇತಿ ಮುಗಿಸಿಯೋ ಬಂದ ಸಾವಿರಾರು ತರುಣರಿಗೆ ಇವು ಬದುಕು ಕೊಟ್ಟವು. ತರಬೇತಿ ಕೊಡುವ ಐಟಿಐಯೂ ಕೆಲಸ ಕೊಡುವ ಐಟಿಐಯೂ ಒಂದೇ ಹೆಸರಿನವಾಗಿ ಊರಿನ ಹಿರಿಯರನ್ನು ಗೊಂದಲಕ್ಕೆ ಕೆಡವುತ್ತಿದ್ದದ್ದೂ ಉಂಟು.

ಐಟಿಐ ವಸತಿಗೆ ಇಟ್ಟ ಹೆಸರು ದೂರವಾಣಿನಗರ. ಒಂದು ಯಂತ್ರದ ಹೆಸರನ್ನು ಕನ್ನಡದಲ್ಲೇ ಹೊತ್ತ ಊರು ನಾಡಿನಲ್ಲಿ ಇನ್ನೊಂದಿರಲಾರದು. ದೇಶಕ್ಕೆಲ್ಲ ದೂರವಾಣಿ ಮಾಡಿಕೊಟ್ಟ ಕಾಲದಲ್ಲಿ ಮನೆಗೊಂದು ದೂರವಾಣಿ ಬೇಕೆಂದು ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು ಎಂಬುದು ಆ ಹೆಸರಿನ ಹಿಂದಿನ ಚೋದ್ಯ. ವಸತಿಯೊಳಗೆ ಎಲ್ಲವೂ ಇತ್ತು: ಸಾಲುಮನೆಗಳು, ಶಾಲೆ, ಆಸ್ಪತ್ರೆ, ಆಟದ ಮೈದಾನ, ಸಾಲುಮರ. ಸೈರನ್ ಕೂಗಿದರೆ ಹಾಲಿಗಿಟ್ಟ ಪಾತ್ರೆ ಇಳಿಸುವ ಹೊತ್ತು, ಮತ್ತೊಮ್ಮೆ ಕೂಗಿದರೆ ಮಕ್ಕಳು ಶಾಲೆಗೆ ಹೊರಡುವ ಹೊತ್ತು. ವಸತಿಯಲ್ಲಿ ಮನೆ ಸಿಗದವರು ನಗರದ ನಾನಾ ಮೂಲೆಗಳಿಂದ ಕಾರ್ಖಾನೆಯ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ದಂಡಿನಲ್ಲಿ ಕನ್ನಡಕ್ಕೆ ನೆಲೆ ತಂದುಕೊಟ್ಟವರಲ್ಲಿ ಈ ಕಾರ್ಮಿಕರು ಮುಖ್ಯರು. ಕಾರ್ಖಾನೆಗಳ ಕನ್ನಡ ಸಂಘಗಳು, ಅವುಗಳ ರಾಜ್ಯೋತ್ಸವ, ಹವ್ಯಾಸಿ ನಾಟಕ, ಗ್ರಂಥಾಲಯಗಳು ತಮಿಳು, ಉರ್ದು, ಇಂಗ್ಲಿಷುಗಳ ನಡುವೆ ಕನ್ನಡದ ದನಿಯನ್ನು ಎತ್ತಿ ಹಿಡಿದವು. ಇದನ್ನು ಕೇವಲ ಜಗಳದ ಕಥೆಯಾಗಿ ಹೇಳುವ ವಾಡಿಕೆಯಿದೆ. ಅದು ಪೂರ್ತಿ ಸರಿಯಲ್ಲ. ಪಾಳಿಯಲ್ಲಿ ಒಂದೇ ಯಂತ್ರದ ಎದುರು ನಿಲ್ಲುವವರು ಒಬ್ಬರ ಮಾತನ್ನು ಒಬ್ಬರು ಕಲಿಯದೆ ಕೆಲಸ ಸಾಗುತ್ತಿರಲಿಲ್ಲ.

ಒಂದೇ ಗಡಿಯಾರದ ಮೇಲೆ ಬದುಕುವ ಊರಿಗೆ ಆ ಗಡಿಯಾರ ನಿಂತರೆ ಏನಾಗುತ್ತದೆಂಬುದು 1980ರ ಡಿಸೆಂಬರ್‌ನಲ್ಲಿ ತಿಳಿಯಿತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು ವೇತನದ ಪ್ರಶ್ನೆಗೆ ಮುಷ್ಕರ ಹೂಡಿದರು. ಅದು 77 ದಿನ ನಡೆಯಿತು. ಸಂಬಳವೇ ಮುಖ್ಯ ಆದಾಯವಾಗಿದ್ದ ಕೇರಿಗಳಲ್ಲಿ ಅಂಗಡಿಯ ಸಾಲದ ಪುಸ್ತಕಗಳು ದಪ್ಪವಾದವು. ಮುಷ್ಕರ ಮುಗಿಯಿತು, ಸೈರನ್ ಮತ್ತೆ ಕೂಗಿತು. ಆದರೆ 1990ರ ದಶಕದ ಉದಾರೀಕರಣದ ನಂತರ ಐಟಿಐಗೆ ಹಿಂದಿನ ದಿನಗಳು ಬರಲಿಲ್ಲ. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು.

ಇಂದಿರಾನಗರದ ಕಥೆ ಇದರ ಪಕ್ಕದ್ದೇ, ಆದರೆ ಚಿಕ್ಕದು. ಬಿನ್ನಮಂಗಲ, ದೂಪನಹಳ್ಳಿ, ಅಪ್ಪಾರೆಡ್ಡಿಪಾಳ್ಯ, ಕೋಡಿಹಳ್ಳಿ, ಮೋಟಪ್ಪನಪಾಳ್ಯಗಳ ಹೊಲಗಳ ಮೇಲೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿವೇಶನಗಳ ಗೆರೆ ಎಳೆಯಿತು. ಪಿಂಚಣಿ ಪಡೆದ ಸೇನಾಧಿಕಾರಿಗಳು, ಕಾರ್ಖಾನೆಗಳ ಅಧಿಕಾರಿಗಳು ಬಂದು ನೆಲೆಸಿದರು. ಎಷ್ಟೋ ವರ್ಷ ಅದು ಸಂಜೆ ಏಳಕ್ಕೆ ದೀಪವಾರಿಸಿದಂತೆ ಕಾಣುವ ಊರು. ಅಲ್ಲಿನ ನೂರಡಿ ರಸ್ತೆಯ ಇಂದಿನ ರಾತ್ರಿಗಳನ್ನು ಕಂಡವರು ಇದನ್ನು ನಂಬುವುದು ಕಷ್ಟ. ಹಳ್ಳಿಗಳು ಮಾತ್ರ ಎಲ್ಲೂ ಹೋಗಿಲ್ಲ. ಅಗಲ ರಸ್ತೆಯಿಂದ ಎರಡು ತಿರುವು ಒಳಗೆ ಹೋದರೆ ಓಣಿ ಕಿರಿದಾಗುತ್ತದೆ, ಮಾರಮ್ಮನ ಗುಡಿ ಬರುತ್ತದೆ.

ನೀರಿದೆಯೇ?

ಪೂರ್ವ ಬೆಂಗಳೂರಿಗೆ ಮನೆ ಹುಡುಕಿ ಬರುವ ಹೊಸಬರು ಬಾಡಿಗೆಗಿಂತ ಮೊದಲು ಕೇಳುವ ಪ್ರಶ್ನೆ ಇದು. ದಂಡಿನ ಹಳೆಯ ಬಡಾವಣೆಗಳಿಗೆ ಕೊಳಾಯಿ ಇತ್ತು. 1974ರಲ್ಲಿ ಕಾವೇರಿಯ ಮೊದಲ ಹಂತ ಬಂದ ಮೇಲೆ ಆ ನೀರೂ ಸಿಕ್ಕಿತು. ಕೃಷ್ಣರಾಜಪುರ, ಮಹದೇವಪುರ, ವೈಟ್‌ಫೀಲ್ಡ್‌ಗಳು 2007ರವರೆಗೆ ಪಾಲಿಕೆಯ ಹೊರಗಿದ್ದವು. ಅಲ್ಲಿ ಕೊಳವೆಬಾವಿಯೇ ದೇವರು, ಟ್ಯಾಂಕರೇ ಪೂಜಾರಿ. 2024ರ ಬೇಸಿಗೆಯಲ್ಲಿ ಆ ದೇವರು ಕೈಬಿಟ್ಟ. ಕೋಟಿ ಬೆಲೆಯ ಮನೆಯವರೂ ಶೀಟಿನ ಮನೆಯವರೂ ಟ್ಯಾಂಕರಿನ ದಾರಿ ಕಾದರು. ಒಬ್ಬರು ದುಡ್ಡು ಕೊಟ್ಟು, ಇನ್ನೊಬ್ಬರು ಕೊಡ ಹಿಡಿದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಪಾಲಿಕೆಗೆ ಸೇರಿದ್ದ 110 ಹಳ್ಳಿಗಳಿಗೆಂದೇ ರೂಪಿಸಿದ ಯೋಜನೆ ಅದು. ಊರು ಸೇರಿದ್ದಕ್ಕೂ ನೀರು ಬಂದದ್ದಕ್ಕೂ ನಡುವೆ ಹದಿನೇಳು ವರ್ಷ.

ಈ ಹೊತ್ತಿಗೆ ವೈಟ್‌ಫೀಲ್ಡಿನ ದಿಕ್ಕೇ ತಿರುಗಿಹೋಗಿತ್ತು. 1990ರ ದಶಕದಲ್ಲಿ ಸಿಂಗಪುರದ ಸಹಯೋಗದೊಂದಿಗೆ ಎದ್ದ ಮಾಹಿತಿ ತಂತ್ರಜ್ಞಾನ ಪಾರ್ಕು ಕೆಲಸವನ್ನೇ ಪೂರ್ವಕ್ಕೆ ಕರೆತಂದಿತು. ಮಲಗುವ ಊರು ದುಡಿಯುವ ಊರಾಯಿತು. ಬಸವನಗುಡಿ, ವಿಜಯನಗರಗಳ ಜನ ಅಲ್ಲಿಗೆ ದಿನವೂ ಹೊರಡಬೇಕಾಯಿತು. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ 335ಇ ಬಸ್ಸಿನಲ್ಲಿ ನಿಂತು ಹೋದವರು ಆ ದಿನಗಳನ್ನು ಸುಲಭವಾಗಿ ಮರೆಯಲಾರರು. 2003ರಲ್ಲಿ ಕೃಷ್ಣರಾಜಪುರದ ತೂಗುಸೇತುವೆ ಬಂತು. ಹಳಿಯ ಅಡ್ಡಿ ತಪ್ಪಿತು, ದಟ್ಟಣೆ ತಪ್ಪಲಿಲ್ಲ. ಮೆಟ್ರೊ 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಓಡಿತು. ಅದು ವೈಟ್‌ಫೀಲ್ಡ್ ಮುಟ್ಟಿದ್ದು 2023ರ ಮಾರ್ಚ್‌ನಲ್ಲಿ. ಆಗಲೂ ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರದ ನಡುವೆ ಎರಡು ಕಿಲೋಮೀಟರ್ ಚಿಲ್ಲರೆ ಹಳಿ ಬಾಕಿ ಇತ್ತು. ಆರು ತಿಂಗಳು ಜನ ಅಷ್ಟು ದೂರಕ್ಕೆ ಬಸ್ಸು ಹಿಡಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಆ ಕೊಂಡಿ ಕೂಡಿತು. ವೈಟ್‌ಫೀಲ್ಡಿನ ಹಳೆಯ ಹೆಂಚಿನ ಮನೆಗಳು ಅಷ್ಟರಲ್ಲಿ ಒಂದೊಂದಾಗಿ ಬಿದ್ದುಹೋಗಿದ್ದವು. ಅವುಗಳ ಜಾಗದಲ್ಲಿ ಎದ್ದ ಗೋಪುರಗಳಲ್ಲಿ ಈಗ ಉತ್ತರ ಪ್ರದೇಶದಿಂದ, ಒಡಿಶಾದಿಂದ, ಆಂಧ್ರದಿಂದ ಬಂದವರಿದ್ದಾರೆ. ಆ ಗೋಪುರಗಳಿಗೆ ಇಟ್ಟಿಗೆ ಹೊತ್ತವರು ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಬಂದವರು. ಅವರ ತಗಡಿನ ಶೆಡ್ಡುಗಳೂ ಪಕ್ಕದ ಖಾಲಿ ನಿವೇಶನದಲ್ಲಿವೆ. ಇಬ್ಬರೂ ಹೊಸಬರೇ.

ಚಿನ್ನದ ಊರಿನ ಪಾಸು

ಹಳಿಯ ಇನ್ನೊಂದು ತುದಿಯ ಕಥೆ ಹೇಳದೆ ಈ ಮಾತು ಮುಗಿಯದು. ಬಂಗಾರಪೇಟೆಯಿಂದ ಕವಲೊಡೆದು ಚಿನ್ನದ ಗಣಿಗೆ ಹೋಗುವ ಮಾರ್ಗ 1890ರ ದಶಕದ್ದು. ಆಗ ಬೆಂಗಳೂರಿಗಿಂತ ಕೋಲಾರದ ಗಣಿಯೇ ಮುಂದು. ಜಾನ್ ಟೇಲರ್ ಕಂಪನಿ 1880ರಿಂದ ಕಟ್ಟಿದ ಆ ಊರಿಗೆ ಶಿವನಸಮುದ್ರದ ವಿದ್ಯುತ್ 1902ರಲ್ಲೇ ಬಂತು. ಬೆಂಗಳೂರು ಇನ್ನೂ ಮೂರು ವರ್ಷ ಕಾಯಬೇಕಾಯಿತು. ಕೆಲಸ ಹುಡುಕಿಕೊಂಡು ಜನ ಮೂಡಣಕ್ಕೇ ಹೋಗುತ್ತಿದ್ದರು. ಗಣಿಯ ಸಾಲುಮನೆಗಳಲ್ಲಿ, ‘ಲೈನು’ಗಳಲ್ಲಿ, ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ಕಾರ್ಮಿಕರ ಮೂರು ನಾಲ್ಕು ತಲೆಮಾರುಗಳು ಕಳೆದವು. ಬಹುಪಾಲು ದಲಿತರು. ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರು.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಊರು ಮುಚ್ಚಲಿಲ್ಲ, ಏಕೆಂದರೆ ಊರು ಮುಚ್ಚಲು ಬರುವುದಿಲ್ಲ. ಮನೆ ಇಲ್ಲಿದೆ, ಅದು ಚಿಕ್ಕದು, ನೆಲವೂ ಕಂಪನಿಯದು, ಆದರೆ ಬಾಡಿಗೆಯ ಚಿಂತೆಯಿಲ್ಲ. ಬೆಂಗಳೂರಿನಲ್ಲಿ ಕೆಲಸವಿದೆ, ಸಂಬಳ ಅಲ್ಲಿನ ಬಾಡಿಗೆಗೆ ಸಾಲದು. ನಡುವೆ ರೈಲಿದೆ. ಲೆಕ್ಕ ಇಷ್ಟು ಸರಳ. ಗಣಿಗಾರನ ಮಕ್ಕಳು, ಮೊಮ್ಮಕ್ಕಳು ಪಾಸಿನವರಾದರು.

ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ಜನ ನೆರೆಯುತ್ತಾರೆ. ಗಣಿಗಳ ಹೆಸರು ಹೊತ್ತ ನಿಲ್ದಾಣಗಳು ಇವು. ಗಣಿ ಹೋಗಿ ಹೆಸರು ಉಳಿದಿದೆ. ಬಂಗಾರಪೇಟೆ, ಟೇಕಲ್, ಮಾಲೂರು, ದೇವನಗೊಂದಿಗಳಲ್ಲಿ ಮತ್ತಷ್ಟು ಮಂದಿ. ವೈಟ್‌ಫೀಲ್ಡ್ ಬರುವ ಹೊತ್ತಿಗೆ ಬಾಗಿಲಲ್ಲಿ ಕಾಲಿಡಲು ಎಡೆಯಿಲ್ಲ. ಕಟ್ಟಡ ಕೆಲಸದವರು, ಸಿದ್ಧ ಉಡುಪು ಕಾರ್ಖಾನೆಯ ಹೆಣ್ಣುಮಕ್ಕಳು, ಆಸ್ಪತ್ರೆಯ ದಾದಿಯರು, ಕಾವಲುಗಾರರು, ಅಂಗಡಿಯ ಹುಡುಗರು, ಕಂಪ್ಯೂಟರ್ ಮುಂದೆ ಕೂರುವವರು, ಕಾಲೇಜು ವಿದ್ಯಾರ್ಥಿಗಳು. ಹೂಡಿ, ಕೃಷ್ಣರಾಜಪುರಗಳಲ್ಲಿ ಗಾಡಿ ಸ್ವಲ್ಪ ಹಗುರಾಗುತ್ತದೆ. ಉಳಿದವರು ದಂಡಿನಲ್ಲೋ ನಗರ ನಿಲ್ದಾಣದಲ್ಲೋ ಇಳಿಯುತ್ತಾರೆ. ಹೋಗಲು ಎರಡು ಗಂಟೆಯ ಮೇಲೆ, ಬರಲು ಅಷ್ಟೇ. ತಿಂಗಳಿಗೆ ಇಪ್ಪತ್ತೈದು ದಿನ ಹಿಡಿದರೆ ನೂರು ಗಂಟೆಗೂ ಹೆಚ್ಚು. ಅಂದರೆ ನಾಲ್ಕು ಹಗಲು, ನಾಲ್ಕು ರಾತ್ರಿ ಪೂರ್ತಿ ರೈಲಿನಲ್ಲೇ.

ಇಷ್ಟು ಕಾಲ ಕಳೆಯುವ ಜಾಗ ತಾನೂ ಒಂದು ಊರಾಗದೆ ಇರದು. ಡಬ್ಬಿಗೊಂದು ಗುಂಪು, ಗುಂಪಿಗೊಂದು ಚೀಟಿ ವ್ಯವಹಾರ. ಇಸ್ಪೀಟು, ಭಜನೆ, ಹೂ ಕಟ್ಟುವುದು, ಸೊಪ್ಪು ಬಿಡಿಸುವುದು. ತಡವಾಗಿ ಬರುವವರಿಗೆ ಕರವಸ್ತ್ರ ಹಾಸಿ ಜಾಗ ಹಿಡಿಯುವ ಪದ್ಧತಿಯಿದೆ. ಹೊಸಬರು ಅದರ ಮೇಲೆ ಕೂತರೆ ದಿನವಿಡೀ ನೆನಪಿಡುವಂಥ ಪಾಠವಾಗುತ್ತದೆ. ತಮಿಳಿನಲ್ಲಿ ಶುರುವಾದ ಮಾತು ಮಾಲೂರಿನವರು ಹತ್ತಿದ ಮೇಲೆ ಕನ್ನಡಕ್ಕೆ ಹೊರಳುತ್ತದೆ. ಮದುವೆಯ ಮಾತುಕತೆಗಳೂ ನಡೆಯುತ್ತವೆ. ಚೆನ್ನೈ ಕಡೆಯ ವೇಗದ ಗಾಡಿಗಳಿಗೆ ದಾರಿ ಬಿಡಲೆಂದು ಇವರ ಗಾಡಿ ಯಾವುದೋ ನಿಲ್ದಾಣದಲ್ಲಿ ನಿಂತಾಗ ಮಾತ್ರ ಡಬ್ಬಿ ಮೌನವಾಗುತ್ತದೆ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಳೆದುಕೊಳ್ಳುವವರು ಅಲ್ಲಿ ಅನೇಕರು.

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಬೇಡಿಕೆ ಹಳೆಯದು. 2020ರಲ್ಲಿ ಒಪ್ಪಿಗೆ ಪಡೆದು 2022ರಲ್ಲಿ ಶಂಕುಸ್ಥಾಪನೆಯಾದ ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವುಗಳ ಹೆಸರಿಡಲಾಗಿದೆ. ಪೂರ್ವಕ್ಕೆ ಬರುವುದು ಪಾರಿಜಾತ: ಕೆಂಗೇರಿಯಿಂದ ದಂಡಿನ ಮೂಲಕ ವೈಟ್‌ಫೀಲ್ಡ್‌ವರೆಗೆ. ಮಂಜೂರಾದ ನಕ್ಷೆಯಲ್ಲಿ ಅದರ ಗೆರೆ ಅಲ್ಲಿಗೆ ನಿಲ್ಲುತ್ತದೆ. ಗಣಿಯ ಪಾಸಿನವರ ಪ್ರಯಾಣದಲ್ಲಿ ಅದು ಅರ್ಧ ದಾರಿಯೂ ಅಲ್ಲ.

ಸಂಜೆ ದಂಡಿನಿಂದ ಹೊರಡುವ ಗಾಡಿಯಲ್ಲಿ ಕೂರಲು ಜಾಗ ಸಿಗುವುದು ಸಾಮಾನ್ಯವಾಗಿ ಮಾಲೂರು ದಾಟಿದ ಮೇಲೆ. ಅಷ್ಟರಲ್ಲಿ ಕತ್ತಲಾಗಿರುತ್ತದೆ. ಬಂಗಾರಪೇಟೆಯಲ್ಲಿ ಕಡಲೆಕಾಯಿ ಮಾರುವವರು ಹತ್ತಿ ಇಳಿಯುತ್ತಾರೆ. ಕೋರಮಂಡಲ, ಊರಿಗಾಂ, ಚಾಂಪಿಯನ್. ಪ್ರತಿ ನಿಲ್ದಾಣದಲ್ಲೂ ಒಂದಷ್ಟು ಮಂದಿ ಖಾಲಿ ಡಬ್ಬಿಗಳೊಂದಿಗೆ ಇಳಿದು ಗಣಿಯ ಬೂದುಬಣ್ಣದ ಮಣ್ಣುದಿಬ್ಬಗಳ ಪಕ್ಕದ ದಾರಿ ಹಿಡಿದು ಮನೆಗೆ ನಡೆಯುತ್ತಾರೆ. ಬೆಳಗಿನ ಗಾಡಿಗೆ ಇನ್ನು ಏಳೆಂಟು ಗಂಟೆ.